ಲೋಕಸಭೆ ಇರುವಾಗ ರಾಜ್ಯಸಭೆ ಏಕೆ?

ಪ್ರಶ್ನೆ: ಜನರು ನೇರವಾಗಿ ಆರಿಸಿದ ಲೋಕಸಭೆ ಅಂಗೀಕರಿಸಿದ ಮಸೂದೆಯನ್ನು, ಜನರ ಮತವನ್ನೇ ಕೇಳದೆ ಬಂದವರು ತುಂಬಿರುವ ರಾಜ್ಯಸಭೆ ತಡೆಹಿಡಿಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ಮಾತೇ? ಚುನಾವಣೆಯಲ್ಲಿ ಸೋತವರಿಗೂ ಹಣವಂತರಿಗೂ ಅದು ಹಿಂಬಾಗಿಲಾಗಿದೆ. ಕರ್ನಾಟಕದ ಹೆಸರಿನಲ್ಲಿ ಹೊರ ರಾಜ್ಯದವರು ಅಲ್ಲಿ ಕೂರುತ್ತಾರೆ. ಹೀಗಿರುವಾಗ ಸಂಸತ್ತಿನ ಮೇಲ್ಮನೆಯನ್ನು ರದ್ದುಪಡಿಸಿದರೆ ಆಗುವ ನಷ್ಟವೇನು? ರದ್ದುಪಡಿಸಲು ಸಾಧ್ಯವಿದೆಯೇ?

ಉತ್ತರ: ತಮ್ಮ ಆಕ್ಷೇಪಗಳಲ್ಲಿ ಬಹುಪಾಲು ನಿಜ. ರಾಜ್ಯಸಭೆಯ ಸದಸ್ಯರನ್ನು ಸಾಮಾನ್ಯ ಮತದಾರರು ಆರಿಸುವುದಿಲ್ಲ. ಲೋಕಸಭಾ ಚುನಾವಣೆಯಲ್ಲಿ ಸೋತು ಸ್ವಲ್ಪ ಕಾಲದಲ್ಲೇ ಮೇಲ್ಮನೆಯ ಮೂಲಕ ಸಂಸತ್ತು ಸೇರಿದವರು ಎಲ್ಲ ದೊಡ್ಡ ಪಕ್ಷಗಳಲ್ಲೂ ಇದ್ದಾರೆ. ರಾಜ್ಯದ ಪ್ರತಿನಿಧಿಗೆ ಆ ರಾಜ್ಯದ ನಂಟೇ ಇರಬೇಕಾಗಿಲ್ಲ ಎಂದು ಸಂಸತ್ತೇ ಕಾನೂನು ಮಾಡಿದೆ. ಆದರೂ ಈ ದೋಷಗಳನ್ನು ಹಿಡಿದು ಸಭೆಯೇ ಬೇಡವೆನ್ನುವ ತೀರ್ಮಾನಕ್ಕೆ ನಾನು ಬರಲಾರೆ. ತೊಡಕಿರುವುದು ರಾಜ್ಯಸಭೆಯ ಪರವಾಗಿ ಸಾಮಾನ್ಯವಾಗಿ ಹೂಡುವ ವಾದಗಳಲ್ಲಿ. ಅದು ಹಿರಿಯರ, ವಿವೇಕಿಗಳ ಸಭೆ ಎನ್ನುವುದು ಒಂದು ವಾದ, ಅದು ರಾಜ್ಯಗಳ ಸಭೆ ಎನ್ನುವುದು ಇನ್ನೊಂದು. ಎರಡೂ ಅರೆಸತ್ಯಗಳೇ. ಆ ಸಭೆಯ ನಿಜವಾದ ಬಲ ಅದರ ಸದಸ್ಯರು ಬೇರೆ ಬೇರೆ ಕಾಲದಲ್ಲಿ ಆರಿಸಿ ಬರುತ್ತಾರೆ ಎಂಬ ಒಂದೇ ಏರ್ಪಾಟಿನಲ್ಲಿ ಅಡಗಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಉತ್ತರದ ಹೆಚ್ಚಿನ ಭಾಗ ಅದರ ವಿವರಣೆಯೇ ಆಗಿದೆ.

ಎರಡನೆಯ ಸದನ ಬೇಕೇ ಎಂಬ ಪ್ರಶ್ನೆ ಸಂವಿಧಾನ ರಚನಾ ಸಭೆಯಲ್ಲಿಯೂ ಎದ್ದಿತ್ತು. 1947ರ ಜುಲೈಯಲ್ಲಿ ಈ ಚರ್ಚೆ ನಡೆದಾಗ, ಇಂತಹ ಸಭೆ ದೇಶದ ಪ್ರಗತಿಗೆ ಅಡ್ಡಗಾಲಾಗುತ್ತದೆ ಎಂದು ವಾದಿಸಿದ ಸದಸ್ಯರಿದ್ದರು. ಅವರಿಗೆ ಉತ್ತರಿಸಿದ ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಅವರು ಬಹಳ ದೊಡ್ಡ ಮಾತನ್ನೇನೂ ಆಡಲಿಲ್ಲ. ಮಹತ್ವದ ವಿಷಯಗಳ ಮೇಲೆ ಗಂಭೀರ ಚರ್ಚೆ ನಡೆಸುವುದು ಮತ್ತು ಆ ಹೊತ್ತಿನ ಆವೇಶದಲ್ಲಿ ಹುಟ್ಟಿದ ಶಾಸನಗಳನ್ನು ಆವೇಶ ತಣಿಯುವವರೆಗೆ ತಡೆದು ನಿಲ್ಲಿಸುವುದು, ಎರಡನೆಯ ಸದನದಿಂದ ನಿರೀಕ್ಷಿಸಬಹುದಾದದ್ದು ಇಷ್ಟೇ ಎಂಬ ಅರ್ಥದಲ್ಲಿ ಅವರು ಮಾತನಾಡಿದರು. ಜೊತೆಗೆ, ಅದು ಶಾಸನ ಕಾರ್ಯಕ್ಕೆ ಮುಳುವಾಗದಂತೆ ಸಂವಿಧಾನದಲ್ಲೇ ಎಚ್ಚರ ವಹಿಸಲಾಗುವುದು ಎಂಬ ಭರವಸೆಯನ್ನೂ ಕೊಟ್ಟರು. ಅಂದರೆ ತಡೆಯುವುದು ಆ ಸಭೆಯ ಹುಟ್ಟಿನಲ್ಲೇ ಅದಕ್ಕೆ ಒಪ್ಪಿಸಿದ ಕೆಲಸ, ಆದರೆ ಕಾಲಮಿತಿಯೊಳಗಿನ ತಡೆ ಮಾತ್ರ.

ಮೊದಲು ಸಭೆಯ ರಚನೆಯನ್ನು ನೋಡೋಣ. 1952ರ ಏಪ್ರಿಲ್ 3ರಂದು ರಚನೆಯಾಗಿ ಅದೇ ವರ್ಷ ಮೇ 13ರಂದು ಮೊದಲ ಬಾರಿ ಸೇರಿದ ಈ ಸಭೆಯಲ್ಲಿ ಈಗ 245 ಸ್ಥಾನಗಳಿವೆ. ಅವುಗಳಲ್ಲಿ 233 ರಾಜ್ಯಗಳಿಂದ ಹಾಗೂ ವಿಧಾನಸಭೆಯಿರುವ ಕೇಂದ್ರಾಡಳಿತ ಪ್ರದೇಶಗಳಿಂದ ತುಂಬುವಂಥವು, 12 ರಾಷ್ಟ್ರಪತಿಯವರ ನಾಮನಿರ್ದೇಶನದವು. ಅಮೆರಿಕದ ಸೆನೆಟ್‌ನಲ್ಲಿ ಕ್ಯಾಲಿಫೋರ್ನಿಯಕ್ಕೂ ವಯೋಮಿಂಗ್‌ಗೂ ತಲಾ ಎರಡೇ ಸ್ಥಾನ; ನಮ್ಮಲ್ಲಿ ಆ ಸಮಾನತೆ ಇಲ್ಲ. ಮೊದಲ 50 ಲಕ್ಷ ಜನಸಂಖ್ಯೆಯವರೆಗೆ ಪ್ರತಿ 10 ಲಕ್ಷಕ್ಕೆ ಒಂದು ಸ್ಥಾನ, ಅದರ ಮೇಲಿನ ಪ್ರತಿ 20 ಲಕ್ಷಕ್ಕೆ ಒಂದು ಸ್ಥಾನ ಎಂಬ ಲೆಕ್ಕದಲ್ಲಿ ಸಂವಿಧಾನದ ನಾಲ್ಕನೆಯ ಅನುಸೂಚಿ ಸಿದ್ಧವಾಯಿತು. ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿದ ಪ್ರದೇಶಗಳ ಜನಸಂಖ್ಯೆ 1951ರ ಗಣತಿಯಂತೆ ಸುಮಾರು 1 ಕೋಟಿ 94 ಲಕ್ಷ. ಮೊದಲ 50 ಲಕ್ಷಕ್ಕೆ ಐದು, ಉಳಿದ 1 ಕೋಟಿ 44 ಲಕ್ಷಕ್ಕೆ ಏಳು, ಒಟ್ಟು ಹನ್ನೆರಡು. ಕರ್ನಾಟಕಕ್ಕೆ ಇಂದಿಗೂ ಇರುವುದು ಅದೇ ಹನ್ನೆರಡು. ದೊಡ್ಡ ರಾಜ್ಯಗಳ ತೂಕವನ್ನು ಸ್ವಲ್ಪ ತಗ್ಗಿಸುವ ಲೆಕ್ಕ ಇದು, ಆದರೆ ಪೂರ್ತಿ ಇಳಿಸುವುದಿಲ್ಲ. ಉತ್ತರ ಪ್ರದೇಶಕ್ಕೆ 31 ಸ್ಥಾನಗಳಿದ್ದರೆ ಗೋವಾಕ್ಕೂ ಸಿಕ್ಕಿಮ್‌ಗೂ ಈಶಾನ್ಯದ ಹಲವು ರಾಜ್ಯಗಳಿಗೂ ಒಂದೊಂದೇ. ಜರ್ಮನಿಯ ಮೇಲ್ಮನೆಯಲ್ಲಿ ರಾಜ್ಯ ಸರ್ಕಾರಗಳ ಮಂತ್ರಿಗಳೇ ಕುಳಿತು ಒಂದು ರಾಜ್ಯದ ಎಲ್ಲ ಮತಗಳನ್ನೂ ಒಟ್ಟಿಗೆ ಚಲಾಯಿಸುತ್ತಾರೆ. ನಮ್ಮಲ್ಲಿ ಕರ್ನಾಟಕದ ಹನ್ನೆರಡು ಸದಸ್ಯರು ಕಾವೇರಿಯಂತಹ ವಿಷಯದಲ್ಲಿ ಒಂದೇ ಧ್ವನಿಯಲ್ಲಿ ಮಾತನಾಡಿಯಾರು, ಮತ ಹಾಕುವಾಗ ಮಾತ್ರ ತಮ್ಮ ತಮ್ಮ ಪಕ್ಷದ ವಿಪ್ ಪಾಲಿಸುತ್ತಾರೆ. ಆದ್ದರಿಂದ 'ರಾಜ್ಯಗಳ ಸಭೆ' ಎಂಬ ವಾದವನ್ನು ಅರೆಸತ್ಯವೆಂದೆ.

ಈಗ ಕಾಲದ ವಿಚಾರ. ಲೋಕಸಭೆಯ 543 ಸದಸ್ಯರೂ ಒಂದೇ ಚುನಾವಣೆಯಲ್ಲಿ, ಒಂದೇ ಗಾಳಿಯಲ್ಲಿ ಆರಿಸಿ ಬರುತ್ತಾರೆ. ರಾಜ್ಯಸಭೆಯ ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಸಭೆ ಎಂದೂ ವಿಸರ್ಜನೆಯಾಗುವುದಿಲ್ಲ. ಹೀಗಾಗಿ ಯಾವುದೇ ದಿನ ಅಲ್ಲಿ ಕುಳಿತವರು ಹಿಂದಿನ ಆರು ವರ್ಷಗಳಲ್ಲಿ, ಬೇರೆ ಬೇರೆ ರಾಜ್ಯಗಳಲ್ಲಿ, ಬೇರೆ ಬೇರೆ ವಿಷಯಗಳ ಮೇಲೆ ನಡೆದ ವಿಧಾನಸಭಾ ಚುನಾವಣೆಗಳ ಫಲ. ಅವರ ಹಿಂದೆ ಜನಮತ ಇಲ್ಲವೆಂದಲ್ಲ, ಶಾಸಕರ ಮೂಲಕ ಬಂದ, ಹಲವು ದಿನಾಂಕಗಳ ಜನಮತ ಅದು. ದೆಹಲಿಯಲ್ಲಿ ಭಾರಿ ಬಹುಮತ ಪಡೆದ ಪಕ್ಷಕ್ಕೆ ರಾಜ್ಯಸಭೆಯಲ್ಲಿಯೂ ಬಹುಮತ ಬೇಕೆಂದರೆ ರಾಜ್ಯ ರಾಜ್ಯಗಳಲ್ಲಿ ಗೆಲ್ಲುತ್ತಾ ಹೋಗಬೇಕು, ಇಲ್ಲವೇ ರಾಜ್ಯಗಳಲ್ಲಿ ಗೆದ್ದಿರುವ ಬೇರೆ ಪಕ್ಷಗಳ ಜೊತೆ ಕುಳಿತು ಮಾತನಾಡಬೇಕು. ಈ ಎರಡನೆಯ ಅನಿವಾರ್ಯತೆಯೇ ರಾಜ್ಯಸಭೆಯಿಂದ ದೇಶಕ್ಕೆ ದೊರೆತ ಲಾಭ.

ಅದು ಹೇಗೆಂಬುದನ್ನು ಕೆಲವು ಪ್ರಸಂಗಗಳಲ್ಲಿ ನೋಡಬಹುದು. 1970ರ ಸೆಪ್ಟೆಂಬರ್‌ನಲ್ಲಿ ಮಾಜಿ ಸಂಸ್ಥಾನಿಕರಿಗೆ ಸರ್ಕಾರ ವರ್ಷವರ್ಷವೂ ಕೊಡುತ್ತಿದ್ದ ರಾಜಧನವನ್ನು ರದ್ದುಪಡಿಸುವ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಗಿ ರಾಜ್ಯಸಭೆಗೆ ಬಂತು. ಮೈಸೂರು ಅರಸು ಮನೆತನವೂ ಈ ರಾಜಧನ ಪಡೆಯುತ್ತಿದ್ದವರ ಪಟ್ಟಿಯಲ್ಲಿತ್ತು. ಸೆಪ್ಟೆಂಬರ್ 5ರಂದು ನಡೆದ ಮತದಾನದಲ್ಲಿ ಪರವಾಗಿ 149, ವಿರುದ್ಧವಾಗಿ 75 ಮತಗಳು ಬಿದ್ದವು. ಹಾಜರಿದ್ದು ಮತ ಹಾಕಿದವರು 224. ಸಂವಿಧಾನ ತಿದ್ದುಪಡಿಗೆ ಬೇಕಾದ, ಅದರ ಮೂರನೆಯ ಎರಡು ಭಾಗವೆಂದರೆ 149 ಮತ್ತು ಇನ್ನೊಂದು ಮತದ ಮೂರನೆಯ ಒಂದು ಭಾಗ. ಒಂದು ಮತಕ್ಕೂ ಕಡಿಮೆ ಅಂತರದಲ್ಲಿ ಮಸೂದೆ ಬಿದ್ದುಹೋಯಿತು. ಸರ್ಕಾರ ಸುಮ್ಮನಾಗದೆ ರಾಷ್ಟ್ರಪತಿಯವರ ಆದೇಶದ ಮೂಲಕ ಸಂಸ್ಥಾನಿಕರ ಮಾನ್ಯತೆಯನ್ನೇ ಕಿತ್ತುಹಾಕಿತು; ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಅಸಿಂಧುವೆಂದಿತು; ಲೋಕಸಭೆ ವಿಸರ್ಜನೆಗೊಂಡು 1971ರ ಚುನಾವಣೆ ನಡೆದು, ಅದರಲ್ಲಿ ಭಾರಿ ಬಹುಮತ ಪಡೆದ ಇಂದಿರಾ ಗಾಂಧಿಯವರ ಸರ್ಕಾರ ಅದೇ ವರ್ಷದ ಕೊನೆಯಲ್ಲಿ 26ನೆಯ ತಿದ್ದುಪಡಿಯ ಮೂಲಕ ರಾಜಧನವನ್ನು ಕೊನೆಗಾಣಿಸಿತು. ರಾಜಧನ ಹೋಗಬೇಕಾಗಿದ್ದದ್ದೇ ಎಂದು ನಾನೂ ಒಪ್ಪುತ್ತೇನೆ. ಆದರೆ ಒಂದು ವರ್ಷದ ತಡೆಯಿಂದ ಆದದ್ದೇನೆಂದರೆ, ಆ ಪ್ರಶ್ನೆ ಮತದಾರರ ಮುಂದೆ ಹೋಗಿ ಬಂತು. ಗೋಪಾಲಸ್ವಾಮಿ ಅಯ್ಯಂಗಾರ್ ಅವರು ಹೇಳಿದ ತಡೆ ಇಂಥದ್ದೇ.

ಇದಕ್ಕೆ ವಿರುದ್ಧವಾದ ಪ್ರಸಂಗವನ್ನೂ ಮುಚ್ಚಿಡಬಾರದು. 1975ರ ಆಗಸ್ಟ್‌ನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಪ್ರಧಾನಿಯವರ ಚುನಾವಣೆಯನ್ನು ನ್ಯಾಯಾಲಯಗಳ ವಿಚಾರಣೆಯಿಂದ ಹೊರಗಿಡುವ 39ನೆಯ ತಿದ್ದುಪಡಿಯನ್ನು ಲೋಕಸಭೆ 7ನೆಯ ತಾರೀಖು ಅಂಗೀಕರಿಸಿದರೆ ರಾಜ್ಯಸಭೆ 8ನೆಯ ತಾರೀಖೇ ಅಂಗೀಕರಿಸಿ ಮುಗಿಸಿತು. ಹಿರಿಯರ ವಿವೇಕ ಅಂದು ಒಂದು ದಿನದ ತಡೆಯನ್ನೂ ಒಡ್ಡಲಿಲ್ಲ. ವಿರೋಧ ಪಕ್ಷಗಳ ಪ್ರಮುಖ ನಾಯಕರು ಸೆರೆಯಲ್ಲಿದ್ದರು, ಎರಡೂ ಸದನಗಳಲ್ಲಿ ಒಂದೇ ಪಕ್ಷದ ಬಹುಮತವಿತ್ತು, ವಯಸ್ಸೂ ಅನುಭವವೂ ಲೆಕ್ಕಕ್ಕೆ ಬರಲಿಲ್ಲ. ಆದರೆ ಅದೇ ಸಭೆ ಮೂರು ವರ್ಷಗಳ ಬಳಿಕ ಇನ್ನೊಂದು ರೀತಿ ನಡೆದುಕೊಂಡಿತು. 1977ರ ಚುನಾವಣೆಯಲ್ಲಿ ಜನತಾ ಪಕ್ಷ ಲೋಕಸಭೆಯನ್ನು ಗೆದ್ದಿತ್ತು. ರಾಜ್ಯಸಭೆಯಲ್ಲಿ ಹಳೆಯ ಚುನಾವಣೆಗಳ ಫಲವಾಗಿ ಕಾಂಗ್ರೆಸ್ ಸದಸ್ಯರೇ ಹೆಚ್ಚಿದ್ದರು. ತುರ್ತುಪರಿಸ್ಥಿತಿಯ ವಿಕೃತಿಗಳನ್ನು ಸರಿಪಡಿಸುವ ತಿದ್ದುಪಡಿ 1978ರಲ್ಲಿ ಅಲ್ಲಿಗೆ ಬಂದಾಗ ಸಭೆ ಅದನ್ನು ತಿರಸ್ಕರಿಸಲಿಲ್ಲ. ಸಂವಿಧಾನದ ಕೆಲವು ಮೂಲ ಲಕ್ಷಣಗಳನ್ನು ಬದಲಾಯಿಸಲು ಜನಮತಗಣನೆ ನಡೆಸಬೇಕೆಂಬುದೂ ಸೇರಿದಂತೆ ಐದು ಖಂಡಗಳನ್ನು ತೆಗೆದುಹಾಕಿ ಉಳಿದುದನ್ನು ಒಪ್ಪಿತು. ಲೋಕಸಭೆಯೂ ಅದನ್ನು ಒಪ್ಪಿಕೊಂಡು ಇಂದಿನ 44ನೆಯ ತಿದ್ದುಪಡಿ ರೂಪುಗೊಂಡಿತು. ಸೋತ ಪಕ್ಷ ಮೇಲ್ಮನೆಯಲ್ಲಿ ಕುಳಿತು ಗೆದ್ದವರ ಕೈ ಕಟ್ಟಿತು ಎಂದು ಇದನ್ನು ದೂರಬಹುದು. ಆದರೆ ಎರಡು ಪರಸ್ಪರ ವಿರೋಧಿ ಪಕ್ಷಗಳು ಒಪ್ಪಿ ಹೊರಬಂದದ್ದರಿಂದಲೇ ಆ ತಿದ್ದುಪಡಿ ಮುಂದೆ ಕಾಂಗ್ರೆಸ್ ಅಧಿಕಾರಕ್ಕೆ ಮರಳಿದಾಗಲೂ ಉಳಿಯಿತು ಎಂದು ನಾನು ತಿಳಿಯುತ್ತೇನೆ.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಪ್ರಸಂಗ ಎಸ್.ಆರ್. ಬೊಮ್ಮಾಯಿ ಅವರದು. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳ ಆಧಾರದ ಮೇಲೆ ರಾಜ್ಯಪಾಲರು ವರದಿ ಕಳುಹಿಸಿದರು. ವಿಧಾನಸಭೆಯಲ್ಲೇ ಬಹುಮತ ಸಾಬೀತುಪಡಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಸರ್ಕಾರವನ್ನು ವಜಾಗೊಳಿಸಿ ವಿಧಾನಸಭೆಯನ್ನೂ ಒಟ್ಟಿಗೇ ವಿಸರ್ಜಿಸಲಾಯಿತು. 356ನೆಯ ವಿಧಿಯ ಪ್ರಕಾರ ರಾಷ್ಟ್ರಪತಿ ಆಳ್ವಿಕೆಯ ಅಂತಹ ಘೋಷಣೆಗೆ ಎರಡು ತಿಂಗಳೊಳಗೆ ಲೋಕಸಭೆ ಮತ್ತು ರಾಜ್ಯಸಭೆ ಎರಡರ ಒಪ್ಪಿಗೆಯೂ ಬೇಕು. ಆದರೆ ಮೊದಲ ದಿನವೇ ವಿಧಾನಸಭೆ ವಿಸರ್ಜನೆಯಾದ ಮೇಲೆ ಸಂಸತ್ತು ಒಪ್ಪಿದರೇನು, ಬಿಟ್ಟರೇನು? ಬೊಮ್ಮಾಯಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ಬಹುಮತ ನಿರ್ಧಾರವಾಗಬೇಕಾದದ್ದು ಸದನದಲ್ಲೇ ಎಂಬ ಮಾತು ಎಲ್ಲರಿಗೂ ನೆನಪಿದೆ. ಅಷ್ಟೇ ಮುಖ್ಯವಾದ ಇನ್ನೊಂದು ಮಾತೂ ಅದರಲ್ಲಿತ್ತು: ಉಭಯ ಸದನಗಳು ಘೋಷಣೆಯನ್ನು ಅನುಮೋದಿಸುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ.

ಈ ಮಾತಿಗೆ ಬೆಲೆ ಬಂದದ್ದು 1999ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ವಾಜಪೇಯಿ ಅವರ ಸರ್ಕಾರ ಬಿಹಾರದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ರಾಬ್ಡಿ ದೇವಿಯವರ ಸರ್ಕಾರವನ್ನು ವಜಾಗೊಳಿಸಿತು. ಲೋಕಸಭೆ ಒಪ್ಪಿಗೆ ಕೊಟ್ಟಿತು. ರಾಜ್ಯಸಭೆಯಲ್ಲಿ ಆಡಳಿತ ಮೈತ್ರಿಕೂಟಕ್ಕೆ ಬಹುಮತವಿರಲಿಲ್ಲ. ಅಲ್ಲಿ ಗೊತ್ತುವಳಿ ಬೀಳುವುದು ಖಚಿತವಾದಾಗ ಸರ್ಕಾರ ಮಾರ್ಚ್‌ನಲ್ಲಿ ಘೋಷಣೆಯನ್ನೇ ಹಿಂತೆಗೆದುಕೊಂಡಿತು, ರಾಬ್ಡಿ ದೇವಿಯವರು ಮತ್ತೆ ಅಧಿಕಾರಕ್ಕೆ ಬಂದರು. ಆ ಸರ್ಕಾರದ ಆಡಳಿತದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಕರ್ನಾಟಕದಲ್ಲಿ 1989ರಲ್ಲಿ ಆಗದ ಕೆಲಸ ಬಿಹಾರದಲ್ಲಿ ಹತ್ತು ವರ್ಷಗಳ ಬಳಿಕ ಆಯಿತು: ದೆಹಲಿ ವಜಾ ಮಾಡಿದ ರಾಜ್ಯ ಸರ್ಕಾರವನ್ನು ಸಂಸತ್ತಿನ ಅನುಮೋದನೆ ಸಿಗದ ಕಾರಣಕ್ಕೆ ಮತ್ತೆ ಕೂರಿಸಬೇಕಾಯಿತು. ರಾಜ್ಯಸಭೆ ಇಲ್ಲದಿದ್ದರೆ ಏನು ನಷ್ಟ ಎಂಬ ತಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚದು. ಲೋಕಸಭೆಯೇ ಇಲ್ಲದ ದಿನಗಳಲ್ಲಿ, ಅಂದರೆ 1977ರಲ್ಲಿ ತಮಿಳುನಾಡು ಮತ್ತು ನಾಗಾಲ್ಯಾಂಡ್‌ನ ವಿಷಯಕ್ಕೂ 1991ರಲ್ಲಿ ಹರಿಯಾಣದ ವಿಷಯಕ್ಕೂ, ರಾಜ್ಯಸಭೆಯೊಂದೇ ಸೇರಿ ಇಂತಹ ಅನುಮೋದನೆ ಕೊಟ್ಟದ್ದೂ ಉಂಟು.

ಮಸೂದೆಯ ಪಠ್ಯ ಬದಲಾಗುವ ವಿಚಾರದಲ್ಲಿ ಲೋಕಪಾಲ ಕಾಯ್ದೆಯ ಉದಾಹರಣೆ ತೆಗೆದುಕೊಳ್ಳಬಹುದು. 2011ರ ಡಿಸೆಂಬರ್‌ನಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ, ರಾಜ್ಯಗಳಲ್ಲಿ ಲೋಕಾಯುಕ್ತ ಹೇಗಿರಬೇಕೆಂಬುದನ್ನೂ ದೆಹಲಿಯಿಂದಲೇ ನಿಗದಿಪಡಿಸುತ್ತಿತ್ತು. ನಮ್ಮಲ್ಲಿ 1984ರ ಕಾಯ್ದೆಯ ಪ್ರಕಾರ ಲೋಕಾಯುಕ್ತ ಆಗಲೇ ಕೆಲಸ ಮಾಡುತ್ತಿತ್ತು, ಬೇರೆ ಕೆಲವು ರಾಜ್ಯಗಳಲ್ಲಿಯೂ ಅವರವರದೇ ವ್ಯವಸ್ಥೆಗಳಿದ್ದವು. ರಾಜ್ಯಸಭೆಯಲ್ಲಿ ಪ್ರಾದೇಶಿಕ ಪಕ್ಷಗಳು, ಆಡಳಿತ ಮೈತ್ರಿಕೂಟದೊಳಗಿನವೂ ಸೇರಿದಂತೆ, ಇದನ್ನು ವಿರೋಧಿಸಿದವು. ಡಿಸೆಂಬರ್ 29ರ ನಡುರಾತ್ರಿಯವರೆಗೆ ಚರ್ಚೆ ಎಳೆದು, ಮತಕ್ಕೆ ಹಾಕದೆ ಸಭೆಯನ್ನು ಮುಂದೂಡಲಾಯಿತು. ಟಿವಿಯಲ್ಲಿ ನೋಡಿದವರಿಗೆ ಅದು ನಾಚಿಕೆಗೇಡಿನ ದೃಶ್ಯವಾಗಿತ್ತು, ನಿಜ. ಆದರೆ ಮಸೂದೆ ಮುಂದೆ ಆಯ್ಕೆ ಸಮಿತಿಗೆ ಹೋಗಿ 2013ರ ಡಿಸೆಂಬರ್‌ನಲ್ಲಿ ಅಂಗೀಕಾರವಾದಾಗ, ಲೋಕಾಯುಕ್ತ ಹೇಗಿರಬೇಕೆಂಬುದನ್ನು ಆಯಾ ರಾಜ್ಯ ಶಾಸಕಾಂಗಗಳಿಗೇ ಬಿಡಲಾಗಿತ್ತು. ಜಿಎಸ್‌ಟಿ ತಿದ್ದುಪಡಿಯ ಕಥೆಯೂ ಹೀಗೆಯೇ: 2015ರ ಮೇ ತಿಂಗಳಲ್ಲಿ ಲೋಕಸಭೆ ಒಪ್ಪಿದ್ದು 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗುವ ಹೊತ್ತಿಗೆ, ರಾಜ್ಯಗಳ ನಡುವಿನ ಸರಕು ಸಾಗಣೆಯ ಮೇಲಿನ ಶೇ 1ರ ಹೆಚ್ಚುವರಿ ತೆರಿಗೆ ಕೈಬಿಟ್ಟುಹೋಗಿತ್ತು. 1989ರಲ್ಲಿ ರಾಜೀವ್ ಗಾಂಧಿಯವರ ಪಂಚಾಯತ್ ರಾಜ್ ತಿದ್ದುಪಡಿ ರಾಜ್ಯಸಭೆಯಲ್ಲಿ ಮೂರನೆಯ ಎರಡರ ಬಹುಮತ ಸಿಗದೆ ಬಿದ್ದಾಗಲೂ, ರಾಜ್ಯ ಸರ್ಕಾರಗಳನ್ನು ಬದಿಗೆ ಸರಿಸಿ ದೆಹಲಿ ನೇರವಾಗಿ ಹಳ್ಳಿಗೆ ಇಳಿಯುತ್ತಿದೆ ಎಂಬುದು ವಿರೋಧಿಗಳ ಮುಖ್ಯ ವಾದವಾಗಿತ್ತು. ಕರ್ನಾಟಕ 1983ರಲ್ಲೇ ಕಾಯ್ದೆ ರೂಪಿಸಿ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿ ತೋರಿಸಿದ್ದರಿಂದ ಆ ವಾದಕ್ಕೆ ಬಲವೂ ಇತ್ತು. ಮೂರು ವರ್ಷಗಳ ಬಳಿಕ, ಹೆಚ್ಚು ಒಮ್ಮತದಿಂದ, 73 ಮತ್ತು 74ನೆಯ ತಿದ್ದುಪಡಿಗಳು ಬಂದವು.

ತಡೆಯುವುದು ಯಾವಾಗಲೂ ಮೇಲ್ಮನೆಯೇ ಎಂಬ ಭಾವನೆಯೂ ಸರಿಯಲ್ಲ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನ ಮೀಸಲಿಡುವ ಮಸೂದೆಯನ್ನು ರಾಜ್ಯಸಭೆ 2010ರ ಮಾರ್ಚ್ 9ರಂದು ಅಂಗೀಕರಿಸಿ ಕಳುಹಿಸಿತ್ತು. ಲೋಕಸಭೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ, 2014ರಲ್ಲಿ ಆ ಲೋಕಸಭೆಯ ಜೊತೆಗೇ ಮಸೂದೆಯೂ ಸತ್ತುಹೋಯಿತು.

ಇಷ್ಟಾದರೂ ಅಂತಿಮ ಬಲ ಲೋಕಸಭೆಯದೇ. ಮಂತ್ರಿಮಂಡಲ ಹೊಣೆಗಾರವಾಗಿರುವುದು ಲೋಕಸಭೆಗೆ ಮಾತ್ರ. ರಾಜ್ಯಸಭೆ ಅವಿಶ್ವಾಸ ಗೊತ್ತುವಳಿಯಿಂದ ಸರ್ಕಾರವನ್ನು ಇಳಿಸಲಾರದು. ಸಾಮಾನ್ಯ ಮಸೂದೆಯ ಬಗ್ಗೆ ಎರಡೂ ಸದನಗಳಿಗೆ ಒಮ್ಮತ ಬಾರದಿದ್ದರೆ ಜಂಟಿ ಅಧಿವೇಶನ ಕರೆಯಬಹುದು, ಅಲ್ಲಿ ತಲೆಯೆಣಿಕೆಯಲ್ಲಿ ಲೋಕಸಭೆಯದೇ ಮೇಲುಗೈ. ವರದಕ್ಷಿಣೆ ನಿಷೇಧ ಮಸೂದೆಗಾಗಿ 1961ರಲ್ಲಿ, ಬ್ಯಾಂಕಿಂಗ್ ಸೇವಾ ಆಯೋಗವನ್ನು ರದ್ದುಪಡಿಸುವುದಕ್ಕಾಗಿ 1978ರಲ್ಲಿ, ಭಯೋತ್ಪಾದನೆ ತಡೆಯುವ ಪೋಟಾ ಕಾಯ್ದೆಗಾಗಿ 2002ರಲ್ಲಿ, ಹೀಗೆ ಮೂರು ಮಸೂದೆಗಳಿಗೆ ಮಾತ್ರ ಆ ದಾರಿ ಹಿಡಿಯಲಾಗಿದೆ. ಸಂವಿಧಾನ ತಿದ್ದುಪಡಿಗೆ ಮಾತ್ರ ಈ ದಾರಿ ಇಲ್ಲ, ಎರಡೂ ಸದನಗಳು ಪ್ರತ್ಯೇಕವಾಗಿಯೇ ಒಪ್ಪಬೇಕು. ಇದಕ್ಕೆ ಪ್ರತಿಯಾಗಿ ರಾಜ್ಯಸಭೆಗೆಂದೇ ಮೀಸಲಾದ ಅಧಿಕಾರಗಳೂ ಎರಡಿವೆ: ರಾಜ್ಯಪಟ್ಟಿಯ ವಿಷಯದ ಮೇಲೆ ಸಂಸತ್ತು ಶಾಸನ ಮಾಡಲು 249ನೆಯ ವಿಧಿಯಡಿ ಅನುಮತಿ ಕೊಡುವುದು ಮತ್ತು 312ನೆಯ ವಿಧಿಯಡಿ ಹೊಸ ಅಖಿಲ ಭಾರತ ಸೇವೆಗಳಿಗೆ ಒಪ್ಪಿಗೆ ನೀಡುವುದು. 1966ರಲ್ಲಿ ಭಾರತೀಯ ಅರಣ್ಯ ಸೇವೆ ಹುಟ್ಟಿದ್ದು ಈ ಎರಡನೆಯ ಅಧಿಕಾರದಿಂದ.

ನನ್ನ ದೃಷ್ಟಿಯಲ್ಲಿ ರಾಜ್ಯಸಭೆಗೆ ಇಂದು ಒದಗಿರುವ ದೊಡ್ಡ ಅಪಾಯ ರದ್ದತಿಯ ಮಾತಲ್ಲ, ಅದನ್ನು ತಪ್ಪಿಸಿಕೊಂಡು ಹೋಗುವ ಒಳದಾರಿಗಳು. ತೆರಿಗೆ, ಸಾಲ, ಸಂಚಿತ ನಿಧಿಯ (ಅಂದರೆ ಸರ್ಕಾರದ ಮುಖ್ಯ ಖಜಾನೆಯ) ವೆಚ್ಚ ಮುಂತಾದ ವಿಷಯಗಳಿಗಷ್ಟೇ ಸೀಮಿತವಾದ ಮಸೂದೆ 110ನೆಯ ವಿಧಿಯಂತೆ ಹಣಕಾಸು ಮಸೂದೆ ಎನಿಸುತ್ತದೆ. ಅದನ್ನು ರಾಜ್ಯಸಭೆ 14 ದಿನಗಳೊಳಗೆ ಹಿಂದಿರುಗಿಸಬೇಕು. ಅದು ಸೂಚಿಸುವ ತಿದ್ದುಪಡಿಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಯ ಇಷ್ಟ. ಯಾವುದು ಹಣಕಾಸು ಮಸೂದೆ ಎಂಬುದನ್ನು ಲೋಕಸಭೆಯ ಸ್ಪೀಕರ್ ಪ್ರಮಾಣೀಕರಿಸುತ್ತಾರೆ. 2016ರಲ್ಲಿ ಆಧಾರ್ ಮಸೂದೆ ಈ ಹಣೆಪಟ್ಟಿಯೊಂದಿಗೆ ಬಂತು. ರಾಜ್ಯಸಭೆ ಸೂಚಿಸಿದ ಐದು ತಿದ್ದುಪಡಿಗಳನ್ನೂ ಲೋಕಸಭೆ ಅದೇ ದಿನ ತಳ್ಳಿಹಾಕಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ನಾಲ್ಕು–ಒಂದು ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಇದು ಸಂವಿಧಾನಕ್ಕೆ ಬಗೆದ ವಂಚನೆ ಎಂಬ ಕಟು ಮಾತನ್ನೇ ಬಳಸಿದರು. ಮರುವರ್ಷ, ಅಂದರೆ 2019ರಲ್ಲಿ, 2017ರ ಬಜೆಟ್ ಜೊತೆಗಿನ ಕಾನೂನಿನಲ್ಲಿ ನ್ಯಾಯಮಂಡಳಿಗಳ ಸ್ವರೂಪವನ್ನೇ ಬದಲಾಯಿಸಿದ್ದನ್ನು ಪರಿಶೀಲಿಸಿದ ಇನ್ನೊಂದು ಸಂವಿಧಾನ ಪೀಠ, ಆಧಾರ್ ತೀರ್ಪಿನ ಈ ಭಾಗದ ಬಗ್ಗೆ ಸಂದೇಹ ವ್ಯಕ್ತಪಡಿಸಿ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು. ಭಿನ್ನ ತೀರ್ಪೇ ಸರಿಯಾದದ್ದೆಂದು ನಾನು ನಂಬಿದ್ದೇನೆ: ಮಸೂದೆಯೊಂದರಲ್ಲಿ ಸಂಚಿತ ನಿಧಿಯ ಪ್ರಸ್ತಾಪ ಇದೆಯೆಂದ ಮಾತ್ರಕ್ಕೆ ಅದು ಹಣಕಾಸು ಮಸೂದೆ ಆಗುವುದಾದರೆ, ಆ ಹಣೆಪಟ್ಟಿ ಹಚ್ಚಲಾಗದ ಮಸೂದೆಗಳು ಬಹಳ ಉಳಿಯುವುದಿಲ್ಲ.

ಇನ್ನೊಂದು ಒಳದಾರಿ ಸದನದೊಳಗೇ ಇದೆ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದಾಗ, ಅವನ್ನು ಆಯ್ಕೆ ಸಮಿತಿಗೆ ಕಳುಹಿಸಬೇಕೆಂಬ ಸೂಚನೆಗಳಿಗೆ ಮತವಿಭಜನೆ ಆಗಬೇಕೆಂದು ವಿರೋಧ ಪಕ್ಷದವರು ಪಟ್ಟು ಹಿಡಿದರು. ಸದಸ್ಯರು ತಮ್ಮ ತಮ್ಮ ಆಸನಗಳಲ್ಲಿ ಇರಲಿಲ್ಲವೆಂಬ ಕಾರಣ ನೀಡಿ ಪೀಠ ಧ್ವನಿಮತದಲ್ಲೇ ಮುಗಿಸಿತು. ಮರುದಿನ ಎಂಟು ಸದಸ್ಯರು ಅಮಾನತಾದರು. ಸದನದಲ್ಲಿ ಅಂದು ಗದ್ದಲ ಮಾಡಿದವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಸಮಿತಿಯ ಮುಂದೆ ರೈತ ಸಂಘಟನೆಗಳೂ ರಾಜ್ಯ ಸರ್ಕಾರಗಳೂ ಹೇಳಿಕೊಳ್ಳಬಹುದಾಗಿದ್ದ ಮಾತು ಬೀದಿಗೆ ಬಂತು. ಒಂದು ವರ್ಷಕ್ಕೂ ಹೆಚ್ಚು ಕಾಲ ದೆಹಲಿಯ ಗಡಿಗಳಲ್ಲಿ ಧರಣಿ ನಡೆದು, 2021ರ ನವೆಂಬರ್‌ನಲ್ಲಿ ಸಂಸತ್ತೇ ಆ ಕಾಯ್ದೆಗಳನ್ನು ವಾಪಸು ಪಡೆಯಿತು. ಮೇಲ್ಮನೆ ತನ್ನ ಕೆಲಸ ಮಾಡದ ದಿನ ದೇಶ ಉಳಿಸಿಕೊಂಡ ಸಮಯ ಎಷ್ಟೆಂದು ಇದರಿಂದ ಲೆಕ್ಕ ಹಾಕಬಹುದು.

ಈಗ ಹಿಂಬಾಗಿಲಿನ ಆಕ್ಷೇಪ. ಕರ್ನಾಟಕದ ಹನ್ನೆರಡು ಸ್ಥಾನಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಾಲ್ಕು ತೆರವಾಗುತ್ತವೆ. 224 ಶಾಸಕರ ಪ್ರತಿ ಮತಕ್ಕೂ 100ರ ಮೌಲ್ಯ ಕಟ್ಟಿ, ಬಂದ 22,400ನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿದ ಐದರಿಂದ ಭಾಗಿಸಿ, ಅದಕ್ಕೆ ಮತ್ತೊಂದನ್ನು ಸೇರಿಸಿದರೆ 4,481. ಅಂದರೆ 45 ಶಾಸಕರ ಮೊದಲ ಪ್ರಾಶಸ್ತ್ಯದ ಮತ ಸಿಕ್ಕವರು ಗೆದ್ದಂತೆ. ಮೂರನೆಯ ಅಥವಾ ನಾಲ್ಕನೆಯ ಸ್ಥಾನಕ್ಕೆ ಯಾವ ಪಕ್ಷದ ಬಳಿಯೂ ಪೂರ್ತಿ 45 ಉಳಿಯದೆ ಇದ್ದಾಗ ರೆಸಾರ್ಟ್ ರಾಜಕಾರಣವೂ ಅಡ್ಡಮತದಾನದ ಸುದ್ದಿಯೂ ಶುರುವಾಗುತ್ತವೆ. 2022ರಲ್ಲಿಯೂ 2024ರಲ್ಲಿಯೂ ವಿಧಾನಸೌಧದಲ್ಲಿ ಇದನ್ನೇ ಕಂಡೆವು. ಹಣದ ಆಟವನ್ನು ನಿಲ್ಲಿಸುವ ಉದ್ದೇಶದಿಂದ 2003ರಲ್ಲಿ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು ಗುಪ್ತ ಮತದಾನವನ್ನು ಕೈಬಿಡಲಾಯಿತು. ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಬೇರೆ ಪಕ್ಷದವರಿಗೆ ತೋರಿಸಿದರೆ ಆ ಮತ ಅಸಿಂಧು. 2017ರಲ್ಲಿ ಗುಜರಾತಿನ ಇಬ್ಬರು ಶಾಸಕರ ಮತಗಳು ಹೀಗೆ ಅಸಿಂಧುವಾಗಿ ಫಲಿತಾಂಶವೇ ತಿರುಗಿತು. ಈ ಬದಲಾವಣೆಯಿಂದ ಮತಗಳ ಖರೀದಿ ನಿಂತಿತೆಂದು ಯಾರೂ ಎದೆ ತಟ್ಟಿ ಹೇಳಲಾರರು, ಆದರೆ ಪಕ್ಷದ ಹೈಕಮಾಂಡ್‌ನ ಹಿಡಿತ ಬಿಗಿಯಾಯಿತು ಎಂದು ಮಾತ್ರ ಖಚಿತವಾಗಿ ಹೇಳಬಹುದು.

ಅದೇ ತಿದ್ದುಪಡಿಯಲ್ಲಿ ಬಂದ ಎರಡನೆಯ ಬದಲಾವಣೆಯೇ ತಮ್ಮ ಮೂರನೆಯ ಆಕ್ಷೇಪದ ಮೂಲ. ಅಲ್ಲಿಯವರೆಗೆ ಅಭ್ಯರ್ಥಿಯ ಹೆಸರು ತಾನು ಪ್ರತಿನಿಧಿಸುವ ರಾಜ್ಯದ ಮತದಾರರ ಪಟ್ಟಿಯಲ್ಲಿ ಇರಬೇಕಿತ್ತು. ಆ ನಿಯಮವನ್ನೂ ಹೆಸರಿಗಷ್ಟೇ ಪಾಲಿಸಲಾಗುತ್ತಿತ್ತು. ಬಾಡಿಗೆ ಮನೆಯ ವಿಳಾಸ ತೋರಿಸಿ ಮತದಾರರಾದ ದೊಡ್ಡವರು ಬಹಳ ಮಂದಿ. 2003ರ ಬಳಿಕ ಆ ಕಷ್ಟವೂ ತಪ್ಪಿತು, ದೇಶದ ಯಾವುದೇ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಪತ್ರಕರ್ತ ಕುಲದೀಪ್ ನಯ್ಯರ್ ಅವರು ಇದನ್ನು ಪ್ರಶ್ನಿಸಿದಾಗ, ನಿವಾಸದ ಷರತ್ತು ಸಂವಿಧಾನದಲ್ಲೇ ಇಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ವೆಂಕಯ್ಯ ನಾಯ್ಡು ಅವರು ಮೂರು ಬಾರಿ, ನಿರ್ಮಲಾ ಸೀತಾರಾಮನ್ ಅವರು ಎರಡು ಬಾರಿ, ಜೈರಾಂ ರಮೇಶ್, ಅಜಯ್ ಮಾಕನ್ ಮೊದಲಾದವರು ಕರ್ನಾಟಕದಿಂದ ಆಯ್ಕೆಯಾದದ್ದನ್ನು ಓದುಗರು ಬಲ್ಲರು. ಇವರಲ್ಲಿ ಯಾರೂ ಅಸಮರ್ಥರಲ್ಲ. ತಕರಾರಿರುವುದು, ರಾಜ್ಯದ ಹಿತಕ್ಕೂ ಪಕ್ಷದ ಹಿತಕ್ಕೂ ಘರ್ಷಣೆ ಬಂದಾಗ, ಮುಂದಿನ ಬಾರಿ ಇನ್ನೊಂದು ರಾಜ್ಯದಿಂದ ಆರಿಸಿ ಬರಬಲ್ಲ ಸದಸ್ಯರಿಗೆ ಈ ರಾಜ್ಯದ ಶಾಸಕರ ಹಂಗು ಎಷ್ಟಿರುತ್ತದೆ ಎಂಬುದರಲ್ಲಿ. ಈ ನಿಯಮವನ್ನು ಸರಿಪಡಿಸಲು ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ. 2003ರಲ್ಲಿ ಬದಲಾದದ್ದು ಸಾಮಾನ್ಯ ಕಾಯ್ದೆ, ಸಾಮಾನ್ಯ ಬಹುಮತದಿಂದಲೇ ಅದನ್ನು ಹಿಂದಕ್ಕೆ ತರಬಹುದು. ಎಲ್ಲ ಪಕ್ಷಗಳಿಗೂ ಈಗಿನ ವ್ಯವಸ್ಥೆ ಅನುಕೂಲವಾಗಿರುವುದರಿಂದ ಯಾರೂ ತರುತ್ತಿಲ್ಲ, ಅಷ್ಟೇ.

ಹಿಂಬಾಗಿಲೆಂಬ ಮಾತಿಗೆ ಒಂದು ಚಿಕ್ಕ ಪ್ರತಿವಾದವೂ ಇದೆ. 1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ; ಅದೇ ವರ್ಷ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. ಅವರು ಕರ್ನಾಟಕದವರೇ ಆದ್ದರಿಂದ ನಾವು ಅದನ್ನು ಹಿಂಬಾಗಿಲು ಎನ್ನಲಿಲ್ಲ. ನಾಮನಿರ್ದೇಶಿತ ಹನ್ನೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳ ಹೆಸರಿನಲ್ಲಿ ಒಳ್ಳೆಯವರು ಬಂದಿದ್ದಾರೆ, ಮಾತೇ ಆಡದೆ ಹೋದವರೂ ಇದ್ದಾರೆ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯಲ್ಲಿ ಶಾಲಾ ಮಕ್ಕಳ ಬೆನ್ನಿನ ಪುಸ್ತಕದ ಹೊರೆಯ ಬಗ್ಗೆ ಆಡಿದ ಮಾತು ಇಂದಿಗೂ ಉಲ್ಲೇಖಗೊಳ್ಳುತ್ತದೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಇಸ್ರೋ ಅಧ್ಯಕ್ಷರಾಗಿದ್ದ ಕೆ. ಕಸ್ತೂರಿರಂಗನ್ ಅವರೂ ಈ ದಾರಿಯಲ್ಲೇ ಬಂದವರು.

ಕೊನೆಯದಾಗಿ, ರದ್ದುಪಡಿಸಲು ಸಾಧ್ಯವೇ? ನ್ಯೂಜಿಲೆಂಡ್ 1950ರಲ್ಲಿ, ಡೆನ್ಮಾರ್ಕ್ 1953ರಲ್ಲಿ ಮೇಲ್ಮನೆಗಳನ್ನು ತೆಗೆದುಹಾಕಿದವು, 1970ರ ದಶಕದ ಆರಂಭದಲ್ಲಿ ಸ್ವೀಡನ್ ಕೂಡ ಒಂದೇ ಸದನಕ್ಕೆ ಬಂತು. ಅವು ರಾಜ್ಯಗಳ ಒಕ್ಕೂಟಗಳಲ್ಲ. ನಮ್ಮಲ್ಲಿ ರಾಜ್ಯ ಮಟ್ಟದ ಮೇಲ್ಮನೆಯಾದ ವಿಧಾನ ಪರಿಷತ್ತಿನ ವಿಷಯ ಸುಲಭ: ವಿಧಾನಸಭೆ ವಿಶೇಷ ಬಹುಮತದಿಂದ ನಿರ್ಣಯ ಅಂಗೀಕರಿಸಿದರೆ 169ನೆಯ ವಿಧಿಯಂತೆ ಸಂಸತ್ತು ಸಾಮಾನ್ಯ ಕಾನೂನಿನ ಮೂಲಕ ಅದನ್ನು ರದ್ದುಪಡಿಸಬಹುದು. ತಮಿಳುನಾಡಿನಲ್ಲಿ 1986ರಲ್ಲಿ ಹಾಗೆಯೇ ಆಯಿತು. ಆಂಧ್ರದಲ್ಲಿ 1985ರಲ್ಲಿ ಹೋದದ್ದು 2007ರಲ್ಲಿ ಮರಳಿ ಬಂತು. ರಾಜ್ಯಸಭೆಗೆ ಈ ದಾರಿ ಅನ್ವಯಿಸದು. ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯವನ್ನು ಮುಟ್ಟುವ ತಿದ್ದುಪಡಿಗೆ 368ನೆಯ ವಿಧಿಯಂತೆ ಎರಡೂ ಸದನಗಳ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆಯೂ ಬೇಕು. ಇಷ್ಟನ್ನೂ ದಾಟಿದರೆ, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಅದೇ ಬೊಮ್ಮಾಯಿ ಪ್ರಕರಣದಲ್ಲಿ ಹೇಳಿರುವ ಸುಪ್ರೀಂ ಕೋರ್ಟಿನ ಪರೀಕ್ಷೆಯಲ್ಲಿಯೂ ಆ ತಿದ್ದುಪಡಿ ಗೆಲ್ಲಬೇಕಾಗುತ್ತದೆ. ಅದಕ್ಕೂ ಮೊದಲು, ತನ್ನನ್ನು ರದ್ದುಪಡಿಸುವ ಮಸೂದೆಗೆ ರಾಜ್ಯಸಭೆಯಲ್ಲಿ ಹಾಜರಿದ್ದು ಮತ ಹಾಕುವ ಸದಸ್ಯರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಒಪ್ಪಿಗೆ ಕೊಡಬೇಕು.